ಸತ್ಯಾಂಶ: ಕಾಗದದ ಮಡಿಕೆಗೆ ಏಳೇ ಮಿತಿಯೇ?

ಕಾಗದದ ಕರಕುಶಲ ಕಲಿಯುವ ಮಕ್ಕಳಿಗೆಂದು ಕಾಸರಗೋಡು, ಕುಂಬಳೆ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ‘ಎಷ್ಟೇ ದೊಡ್ಡ ಕಾಗದವನ್ನೂ ಏಳು ಸಲಕ್ಕಿಂತ ಹೆಚ್ಚು ಅರ್ಧಕ್ಕೆ ಮಡಿಸಲಾಗದು’ ಎಂಬ ಸಂದೇಶವು ಹರಿದಾಡುತ್ತಿದೆ. ಇದು ಸರಿಯಲ್ಲ.

ಪ್ರತಿ ಮಡಿಕೆಗೂ ಪದರಗಳು ಇಮ್ಮಡಿಯಾಗುವುದರಿಂದ ಏಳನೆಯದಕ್ಕೆ 128 ಪದರಗಳಾಗುತ್ತವೆ. ಕಾಗದದ ದಪ್ಪ 0.1 ಮಿ.ಮೀ. ಎಂದುಕೊಂಡರೆ ಕಟ್ಟು 12.8 ಮಿ.ಮೀ. ದಪ್ಪವಾಗಿ, ಬಾಗುವ ಅಂಚೇ ಕಾಗದದ ಬಹುಭಾಗವನ್ನು ನುಂಗಿಬಿಡುತ್ತದೆ. ಎ4 ಹಾಳೆಯು ಆ ಹೊತ್ತಿಗೆ ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾಗಿರುವ ಕಾರಣ, ಕೈಯಲ್ಲಿ ಮಡಿಸಿ ಸೋತವರ ಅನುಭವವು ಸುಳ್ಳೇನಲ್ಲ. ಆದರೆ ಆ ಮಿತಿಯು ಹಾಳೆಯ ಉದ್ದ ಮತ್ತು ದಪ್ಪಗಳದ್ದೇ ಹೊರತು ಏಳೆಂಬ ಸಂಖ್ಯೆಯದ್ದಲ್ಲ.

2002ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಶಾಲಾ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್, ಬೇಕಾಗುವ ಉದ್ದಕ್ಕೆ ಸೂತ್ರವನ್ನೇ ರೂಪಿಸಿ, ಸುಮಾರು 1,200 ಮೀಟರ್ ಉದ್ದದ ಟಾಯ್ಲೆಟ್ ಪೇಪರನ್ನು ಹನ್ನೆರಡು ಸಲ ಮಡಿಸಿದರು. ಅಲ್ಲಿಗೆ 4,096 ಪದರಗಳು.