ನ್ಯೂಸ್‌ಪ್ರಿಂಟ್ ಆಮದಿಗೆ ಚೀನಾದಂತೆ ಸುಂಕದ ತಡೆ ಬೇಕೇ?

ಪರ

1990ರ ದಶಕದಲ್ಲಿ ಭಾರತವೂ ಚೀನಾವೂ ಪತ್ರಿಕೆ ಅಚ್ಚು ಹಾಕುವ ಕಾಗದವಾದ ನ್ಯೂಸ್‌ಪ್ರಿಂಟ್‌ಗಾಗಿ ಹೊರದೇಶಗಳನ್ನು ನೆಚ್ಚಿಕೊಂಡಿದ್ದವು. ಅಗ್ಗದ ಆಮದಿನಿಂದ ತಾವು ಮುಳುಗುತ್ತಿದ್ದೇವೆಂದು ಚೀನಾದ ಕಾರ್ಖಾನೆಗಳು ದೂರಿದಾಗ, ಆ ದೇಶ 1997ರ ಡಿಸೆಂಬರ್‌ನಲ್ಲಿ ತನ್ನ ಮೊತ್ತಮೊದಲ ಆ್ಯಂಟಿ ಡಂಪಿಂಗ್ (ಅನ್ಯಾಯದ ಅಗ್ಗದ ದರಕ್ಕೆ ಸರಕು ಸುರಿಯುವುದರ ವಿರುದ್ಧದ) ತನಿಖೆ ಆರಂಭಿಸಿ, 1999ರಲ್ಲಿ ಅಮೆರಿಕ, ಕೆನಡಾ ಮತ್ತು ದಕ್ಷಿಣ ಕೊರಿಯಾದ ಕಾಗದದ ಮೇಲೆ ಶೇ 9ರಿಂದ 78ರವರೆಗೆ ಸುಂಕ ವಿಧಿಸಿತು. ಆ ಆಸರೆಯಲ್ಲಿ ದೊಡ್ಡ ಯಂತ್ರಗಳು ಬಂದವು; ಮುಂದಿನ ದಶಕ ಮುಗಿಯುವುದರೊಳಗೆ ಆ ದೇಶ ತನ್ನ ಅಗತ್ಯ ಪೂರೈಸಿಕೊಂಡು ಹೊರಗೂ ಮಾರತೊಡಗಿತು.

ಮಧ್ಯಪ್ರದೇಶದ ನೇಪಾನಗರದಲ್ಲಿ 1950ರ ದಶಕದಲ್ಲೇ, ಭದ್ರಾವತಿ ಮತ್ತು ಕೇರಳದ ವೆಳ್ಳೂರಿನಲ್ಲಿ 1980ರ ದಶಕದಲ್ಲಿ ನ್ಯೂಸ್‌ಪ್ರಿಂಟ್ ತಯಾರಿಸಿದ ನಾವು ಮಾತ್ರ ಬಳಕೆಯ ದೊಡ್ಡ ಪಾಲನ್ನು ಆಮದು ಮಾಡಿಕೊಳ್ಳುತ್ತಲೇ ಬಂದೆವು. 2019ರ ಜುಲೈ ಬಜೆಟ್ಟಿನಲ್ಲಿ ಬಂದ ಶೇ 10ರ ಸುಂಕ ಮರು ಫೆಬ್ರುವರಿಯಲ್ಲಿ ಶೇ 5ಕ್ಕೆ ಇಳಿಯಿತು. ಹೀಗೆ ಹೊಯ್ದಾಡುವ ನೀತಿಯನ್ನು ನಂಬಿ ಯಾರು ತಾನೆ ಕಾರ್ಖಾನೆಗೆ ಹಣ ಹೂಡುತ್ತಾರೆ? 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾದ ಪೂರೈಕೆ ಏರುಪೇರಾಗಿ ದರ ಗಗನಕ್ಕೇರಿದಾಗ, ಪುಟ ಕಡಿತಗೊಳಿಸುವುದೊಂದೇ ಪತ್ರಿಕೆಗಳಿಗೆ ಉಳಿದಿದ್ದ ಉಪಾಯ.

ವಿರೋಧ

ಈ ಹೋಲಿಕೆಯಲ್ಲಿ ಸುಂಕದ ಇಸವಿಗಳು ಕಾಣುತ್ತವೆಯೇ ಹೊರತು ಕಾಗದಕ್ಕೆ ಬೇಕಾದ ನಾರು ಎಲ್ಲಿಂದ ಬಂತೆಂಬುದು ಕಾಣುವುದಿಲ್ಲ. ಚೀನಾದ ಆ ಯಂತ್ರಗಳಿಗೆ ಅಮೆರಿಕ, ಯುರೋಪುಗಳ ಹಳೆಯ ಪತ್ರಿಕೆಗಳು ಹಡಗುಗಟ್ಟಲೆ ಬರುತ್ತಿದ್ದವು. ಅಂದರೆ ಹೊಸ ಕಾಗದದ ಸುರುಳಿಯ ಬದಲು ರದ್ದಿ ಆಮದಾಯಿತು, ಅಷ್ಟೇ. 2018ರಿಂದ ಬಿಗಿಗೊಂಡು 2021ಕ್ಕೆ ಆ ರದ್ದಿಯ ಆಮದೂ ನಿಂತಿತು. ಅಷ್ಟರಲ್ಲಿ ಓದುಗರು ಮೊಬೈಲಿಗೆ ಹೋಗಿದ್ದರಿಂದ ಕಾಗದದ ಬೇಡಿಕೆಯೇ ಕುಸಿದಿತ್ತು.

ನಮ್ಮ ರದ್ದಿಯ ಗತಿ ನೋಡಬೇಕೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಒಂದು ಸಂಜೆ ಸುತ್ತಾಡಿದರೆ ಸಾಕು. ಕಿಲೋ ಲೆಕ್ಕದಲ್ಲಿ ತೂಗಿ ಸುತಳಿ ಬಿಗಿದ ಕಟ್ಟುಗಳಲ್ಲಿ ಒಂದಿಷ್ಟು ಕಿರಾಣಿ ಅಂಗಡಿಯ ಪೊಟ್ಟಣವಾಗುತ್ತದೆ, ಒಂದಿಷ್ಟು ಮಿರ್ಚಿ ಭಜಿಯ ಎಣ್ಣೆ ಹೀರುತ್ತದೆ; ಅದು ಮತ್ತೆ ಕಾಗದದ ಗಿರಣಿಯ ಮುಖ ಕಾಣುವುದಿಲ್ಲ. ಗಿರಣಿಗೆ ಮರಳಿದರೂ, ಮರುಬಳಕೆಯಾದಷ್ಟೂ ನಾರು ಮೋಟಾಗಿ ಕಾಗದದ ಕಸುವು ಇಳಿಯುತ್ತದೆ. ಸುರುಳಿ ಕಾಗದದ ಮೇಲೆ ಅಚ್ಚು ಹಾಕುವ ವೆಬ್ ಆಫ್‌ಸೆಟ್ ಯಂತ್ರ ಬಿಗಿಯಾಗಿ ಎಳೆಯುವಾಗ ಅಂಥ ಸುರುಳಿ ನಡುರಾತ್ರಿ ಹರಿಯಿತೆಂದರೆ, ಮಸಿಗೈಯಲ್ಲೇ ಕಾಗದವನ್ನು ರೋಲರ್‌ಗಳ ನಡುವೆ ಮತ್ತೆ ಪೋಣಿಸುವ ಹೊತ್ತಿಗೆ ಸೇಡಂ, ಜೇವರ್ಗಿ, ಆಳಂದದ ಬಂಡಲುಗಳಿಗೆ ಮೊದಲ ಬಸ್ಸು ತಪ್ಪಿರುತ್ತದೆ.

ಸುಂಕದ ಹೊರೆಯೂ ಎಲ್ಲರಿಗೂ ಸಮನಲ್ಲ. ದೊಡ್ಡ ಪತ್ರಿಕೆಗಳು ವಿದೇಶದಿಂದ ನೇರವಾಗಿ ತರಿಸಿಕೊಳ್ಳಬಲ್ಲವು. ಬೀದರ, ಯಾದಗಿರಿಯ ಸಣ್ಣ ದಿನಪತ್ರಿಕೆ ವ್ಯಾಪಾರಿಯಿಂದ ಹತ್ತಾರು ಸುರುಳಿ ಕೊಂಡು, ಸುಂಕದ ಜೊತೆಗೆ ಅವನ ಲಾಭವನ್ನೂ ತೆರಬೇಕು. ಇತ್ತ ಬಿಡಿ ಪ್ರತಿಗೆ ಒಂದು ರೂಪಾಯಿ ಏರಿಸಿದರೂ ಓದುಗ ಕೈಬಿಡುತ್ತಾನೆ. ಚೀನಾದಲ್ಲಿ ಪತ್ರಿಕೆಗಳೂ ಪಕ್ಷ ಅಥವಾ ಸರ್ಕಾರದವೇ ಆದ್ದರಿಂದ ಸುಂಕವೆಂದರೆ ಒಂದು ಕಿಸೆಯಿಂದ ಇನ್ನೊಂದಕ್ಕೆ ಹೋಗುವ ಹಣ. ಇಲ್ಲಿ ಹಾಗಲ್ಲ. ಕಾಗದದ ಹಂಚಿಕೆಯ ಹೆಸರಿನಲ್ಲಿ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹಾಕಿದ ಸರ್ಕಾರದ ನೀತಿಯನ್ನು 1972ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆತನದ ಸಂಸ್ಥೆ ಬೆನೆಟ್ ಕೋಲ್ಮನ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲೇ.

ದೇಶೀ ಕಾರ್ಖಾನೆ ಉಳಿಯಬಾರದೆಂದು ಇದರರ್ಥವಲ್ಲ. ಆದರೆ 2019ರ ಸುಂಕ ಜಾರಿಗೆ ಬಂದಾಗ ಭದ್ರಾವತಿಯ ಯಂತ್ರಗಳು ನಿಂತು ಆಗಲೇ ವರ್ಷಗಳಾಗಿದ್ದವು. ಅವಕ್ಕೆ ಬೇಕಿದ್ದುದು ಬಂಡವಾಳ, ಕೈಗೆಟಕುವ ವಿದ್ಯುತ್ತು ಮತ್ತು ಕಚ್ಚಾ ಸಾಮಗ್ರಿ.