ಫಲಿತಾಂಶ ರೆಡಿ ಇದೆ, ವಿಜ್ಞಾನಿಗಳು ಬೇಕಾಗಿದ್ದಾರೆ

ವಿಜ್ಞಾನದಲ್ಲಿ ನಮ್ಮ ರಾಜ್ಯ ಎಲ್ಲರಿಗಿಂತ ಮುಂದಿದೆ. ಬೇರೆಯವರು ಮೊದಲು ಪ್ರಯೋಗ ಮಾಡುತ್ತಾರೆ, ಆಮೇಲೆ ಫಲಿತಾಂಶಕ್ಕೆ ಕಾಯುತ್ತಾರೆ. ನಮ್ಮಲ್ಲಿ ಆ ಕಾಯುವ ಕೆಲಸವೇ ಇಲ್ಲ. ಅಡಿಕೆ ಕ್ಯಾನ್ಸರ್ ತರುವುದಿಲ್ಲ ಎಂದು ಸಾಬೀತು ಮಾಡಲು ಸಂಶೋಧನೆ ಮಾಡಿಸುತ್ತೇವೆ ಅಂತ ವೇದಿಕೆ ಮೇಲೆಯೇ ಘೋಷಣೆಯಾಗುತ್ತದೆ. ತರುತ್ತದೋ ಇಲ್ಲವೋ ನೋಡಲು ಅಲ್ಲ, ಸಾಬೀತು ಮಾಡಲು! ಮಾರ್ಕ್ಸ್ ಕಾರ್ಡ್ ಕೈಗೆ ಕೊಟ್ಟು, ಆಮೇಲೆ ಪ್ರಶ್ನೆಪತ್ರಿಕೆ ತಯಾರಿಸಲು ಮೇಷ್ಟ್ರನ್ನು ಹುಡುಕಿದ ಹಾಗೆ.

ಇದಕ್ಕೊಂದು ಜಾಹೀರಾತು ಕೊಟ್ಟರೆ ಹೀಗಿರಬಹುದು: ‘ವಿಜ್ಞಾನಿಗಳು ಬೇಕಾಗಿದ್ದಾರೆ. ವರದಿ ಬರೆದಾಗಿದೆ, ಸಹಿ ಹಾಕಿದರೆ ಸಾಕು. ಪ್ರಯೋಗಕ್ಕೆ ಇಲಿಗಳೂ ಬೇಕು. ಮಲೆನಾಡಿನ ಇಲಿಗಳಿಗೆ ಆದ್ಯತೆ. ಗಡ್ಡೆ ಬೆಳೆಸಿಕೊಳ್ಳುವ ಚಟ ಇರುವ ಇಲಿಗಳು ಅರ್ಜಿ ಹಾಕುವುದು ಬೇಡ. ನೀತಿಸಂಹಿತೆ ಜಾರಿಗೆ ಬರುವ ಮೊದಲು ಮಧ್ಯಂತರ ವರದಿ ಕೊಡತಕ್ಕದ್ದು.’

ತೊಂದರೆ ಏನೆಂದರೆ, ಈ ಪ್ರಶ್ನೆಗೆ ಉತ್ತರ ಬಂದು ಇಪ್ಪತ್ತು ವರ್ಷ ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ಅದು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ‘ತಪ್ಪೆಲ್ಲ ತಂಬಾಕಿನದು, ಅಡಿಕೆ ಪಾಪದ್ದು’ ಅಂತ ನಾವು ಹೇಳುತ್ತೇವಲ್ವಾ? ಅದಕ್ಕೆ ತೈವಾನಿನವರು ಅಡ್ಡ ಬಂದರು. ಅಲ್ಲಿ ತಂಬಾಕು ಸೇರಿಸದೆ ಬರೀ ಸುಣ್ಣ, ಎಲೆ ಜೊತೆ ಅಡಿಕೆ ಜಗಿಯುತ್ತಾರೆ. ಆದರೂ ಬಾಯಿ ಕ್ಯಾನ್ಸರ್ ಜಾಸ್ತಿ. ನಮ್ಮ ವಾದಕ್ಕೆ ತೈವಾನ್ ಒಂದಿಷ್ಟು ಸಹಕಾರ ಕೊಡಬಹುದಿತ್ತು.

ಮೊದಲ ಗುಂಪು ಅಂದರೆ ಮದುವೆಮನೆಯಲ್ಲಿ ಒಂದು ವೀಳ್ಯ ಹಾಕಿದವರೆಲ್ಲ ಆಸ್ಪತ್ರೆ ಸೇರುತ್ತಾರೆ ಅಂತಲ್ಲ. ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು ಆ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಬಿಸಿಲು, ಮದ್ಯ ಕೂಡ ಅದೇ ಗುಂಪಿನಲ್ಲಿವೆ. ಎಷ್ಟು ಜಗಿಯುತ್ತೀರಿ, ಎಷ್ಟು ವರ್ಷದಿಂದ ಅನ್ನುವುದೂ ಮುಖ್ಯ. ನಮ್ಮ ಮುಖಂಡರು ನಿಜವಾಗಿಯೂ ಅಡಿಕೆಯ ಪರ ಮಾತಾಡಬೇಕಿದ್ದರೆ ಇದನ್ನಾದರೂ ಹೇಳಬಹುದಿತ್ತು. ಆದರೆ ಇದಕ್ಕೆ ಓದಬೇಕಾಗುತ್ತದೆ.

ಅದರ ಬದಲು ನಮ್ಮ ಹತ್ತಿರ ಅಜ್ಜಿ ಇದ್ದಾಳೆ. ಕುಟ್ಟಾಣಿ ಅಜ್ಜಿ. ತೊಂಬತ್ತು ದಾಟಿದರೂ ದಿನಾ ಕುಟ್ಟಿ ಬಾಯಿಗೆ ಹಾಕಿಕೊಂಡಳು, ಏನೂ ಆಗಲಿಲ್ಲ. ಯಾವ ಸಭೆಗೆ ಹೋದರೂ ಈ ಅಜ್ಜಿ ಹಾಜರು. ಐವತ್ತಕ್ಕೇ ಹೋದ ಅಜ್ಜಿಯರನ್ನು ಮಾತ್ರ ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಅವರು ಬರುವ ಸ್ಥಿತಿಯಲ್ಲೂ ಇಲ್ಲ ಬಿಡಿ.

ಇನ್ನೊಂದು ತಮಾಷೆ ನೋಡಿ. ಸುಪಾರಿ ಪೊಟ್ಟಣದ ಮೇಲೆ ‘ಜಗಿಯುವುದು ಆರೋಗ್ಯಕ್ಕೆ ಹಾನಿಕರ’ ಎಂದು ಬರೆಯಬೇಕು ಅನ್ನುವುದು ಈ ದೇಶದ್ದೇ ಕಾನೂನು. ಒಂದು ಇಲಾಖೆ ಅದನ್ನು ಬರೆಸುತ್ತದೆ. ಇನ್ನೊಂದು ಕಡೆ ಅದನ್ನು ಸುಳ್ಳು ಮಾಡಲು ದುಡ್ಡು ತೆಗೆದಿಡುತ್ತಾರೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಮರುದಿನದಿಂದ ಗುಟ್ಕಾ ಎರಡು ಪೊಟ್ಟಣವಾಯಿತು, ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಕಾರ್ಖಾನೆ ಮುಚ್ಚಲಿಲ್ಲ, ಅಂಗೈಗೆ ಶಿಫ್ಟ್ ಆಯಿತು ಅಷ್ಟೇ.

ಬೆಳೆಗಾರರ ಮೇಲೆ ನನಗೇನೂ ಸಿಟ್ಟಿಲ್ಲ. ಮಲೆನಾಡಿನಲ್ಲಿ ಎಷ್ಟೋ ಮನೆಗಳ ಸ್ಕೂಲ್ ಫೀಸು, ಮದುವೆ, ಆಸ್ಪತ್ರೆ ಬಿಲ್ಲು ಎಲ್ಲ ನಡೆಯುವುದು ಅಡಿಕೆಯಿಂದಲೇ. ಅವರು ಕೇಳುತ್ತಿರುವ ಸಂಶೋಧನೆ ಬೇರೆ. ಎಲೆಚುಕ್ಕೆ ರೋಗ ತೋಟಕ್ಕೆ ತೋಟವನ್ನೇ ಒಣಗಿಸುತ್ತಿದೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ಇವತ್ತಿಗೂ ಮದ್ದಿಲ್ಲ. ಮರಕ್ಕೆ ಬಂದ ಕಾಯಿಲೆ ಗುಣವಾಗುತ್ತಿಲ್ಲ, ಬಾಯಿಗೆ ಬರುವ ಕಾಯಿಲೆ ಇಲ್ಲವೇ ಇಲ್ಲ ಎಂದು ಹೇಳಿಸಲು ಹೊರಟಿದ್ದೇವೆ.

ಬಾಯಿಯ ಕಾಯಿಲೆಯನ್ನು ಬೇಗ ಹಿಡಿಯುವುದು ಕಷ್ಟವೂ ಅಲ್ಲ. ದೊಡ್ಡ ಮಷಿನ್ ಬೇಡ. ಬಾಯಿ ತೆರೆಸಿ, ಟಾರ್ಚ್ ಬಿಟ್ಟು, ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದೆಯಾ ನೋಡಬೇಕು. ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಹಿಡಿದಾಗ ಬಾಯಿಯೊಳಗೆ ಹೋಗದಿದ್ದರೆ ಅದೂ ಎಚ್ಚರಿಕೆಯೇ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ನಾರಿನಂತೆ ಬಿಗಿದುಕೊಂಡಿರಬಹುದು. ತಿರುವನಂತಪುರದ ಕಡೆ 1996ರಲ್ಲಿ ಒಂದು ಅಧ್ಯಯನ ಶುರುವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು, ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆಯಾಯಿತು ಎಂದು 2005ರಲ್ಲಿ ಪ್ರಕಟವಾಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49ರ ವಯಸ್ಸಿನವರ ಪೈಕಿ ಬಾಯಿ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರ ಆಸುಪಾಸು.

ಜನ ಬಾಯಿ ತೆರೆಯುವುದಿಲ್ಲ ಅಂತ ನೆಪ ಹೇಳುತ್ತಾರೆ. ಹಾಗಾದರೆ ವೇದಿಕೆಯಿಂದಲೇ ಶುರುಮಾಡಿ. ಅಡಿಕೆ ನಿರಪರಾಧಿ ಎಂದು ಭಾಷಣ ಮಾಡುವವರು ಮುಕ್ಕಾಲು ಗಂಟೆ ಬಾಯಿ ಮುಚ್ಚುವುದೇ ಇಲ್ಲ. ಟಾರ್ಚ್ ಹಿಡಿದುಕೊಂಡು ಒಬ್ಬರು ಪಕ್ಕದಲ್ಲಿ ನಿಂತರಾಯಿತು.