ಚೀನೀ ಅಕ್ಷರದ ಗೆರೆಗಳ ಸರದಿ ಮತ್ತು ನಾವು ಅಕ್ಷರ ತಿದ್ದಿಸುವ ಕ್ರಮ

ಚೀನೀ ಬರಹದಲ್ಲಿ 'ಬಾಯಿ' ಎಂಬ ಅರ್ಥದ ಅಕ್ಷರ ನೋಡುವುದಕ್ಕೆ ಒಂದು ಖಾಲಿ ಚೌಕ, ಅಷ್ಟೇ. ಹೊಸಬರು ಅದನ್ನು ನಾಲ್ಕು ಗೆರೆಗಳಲ್ಲಿ ಬರೆಯುತ್ತಾರೆ, ಇಲ್ಲವೇ ಕೈಯೆತ್ತದೆ ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ. ಆದರೆ ಅದರ ಗೆರೆಗಳು ಮೂರೇ: ಮೊದಲು ಎಡಗಡೆಯ ನಿಲುಗೆರೆ, ಆಮೇಲೆ ಮೇಲ್ಭಾಗದಲ್ಲಿ ಬಲಕ್ಕೆ ಸಾಗಿ ಮೂಲೆಯಲ್ಲಿ ಕೆಳಕ್ಕೆ ಮುರಿಯುವ ಗೆರೆ, ಕೊನೆಗೆ ತಳದ ಅಡ್ಡಗೆರೆ. ಇಷ್ಟು ಚಿಕ್ಕ ಚೌಕಕ್ಕೆ ಇಷ್ಟೊಂದು ಕಟ್ಟುನಿಟ್ಟು ಏಕೆಂಬ ಪ್ರಶ್ನೆ, ಸ್ಲೇಟಿನ ಮೇಲೆ ಬಳಪದಿಂದ ಕನ್ನಡ ತಿದ್ದಿ ಬೆಳೆದು ಈಗ ಸಿಂಗಪುರದ ಸಂಜೆ ತರಗತಿಯಲ್ಲಿ ಮ್ಯಾಂಡರಿನ್ ಕಲಿಯುತ್ತಿರುವ ನನ್ನಂಥವನಲ್ಲಿ ಸಹಜವಾಗಿಯೇ ಏಳುತ್ತದೆ.

ನಿಯಮಗಳು ಹೆಚ್ಚೇನಿಲ್ಲ. ಮೇಲಿನದು ಮೊದಲು, ಕೆಳಗಿನದು ನಂತರ. ಎಡದ್ದು ಮೊದಲು, ಬಲದ್ದು ನಂತರ. ಗೆರೆಗಳು ಒಂದನ್ನೊಂದು ಹಾಯುವಲ್ಲಿ ಅಡ್ಡಗೆರೆಗೆ ಆದ್ಯತೆ. 'ದೇಶ' ಎಂಬ ಅಕ್ಷರದಂತೆ ಸುತ್ತಲೂ ಮುಚ್ಚಿದ ರೂಪಗಳಲ್ಲಿ ಮೂರು ಬದಿ ಬರೆದು, ಒಳಗಿನ ಭಾಗವನ್ನು ತುಂಬಿ, ತಳದ ಗೆರೆಯನ್ನು ಕೊನೆಗೆ ಎಳೆಯಬೇಕು. ಜನ ಮೊದಲು ಒಳಗೆ ಬರಲಿ, ಬಾಗಿಲು ಆಮೇಲೆ ಹಾಕೋಣ ಎಂದು ಚೀನೀ ಶಿಕ್ಷಕರು ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರೆ. ಈ ಸರದಿಯ ನಿಜವಾದ ಉಪಯೋಗ ತಿಳಿಯುವುದು ಅವಸರದ ಕೈಬರಹದಲ್ಲಿ. ವೇಗವಾಗಿ ಬರೆಯುವಾಗ ಲೇಖನಿ ಪೂರ್ತಿ ಮೇಲೇಳದೆ ಒಂದು ಗೆರೆಯ ತುದಿ ಮುಂದಿನ ಗೆರೆಯ ಆರಂಭಕ್ಕೆ ಅಂಟಿಕೊಳ್ಳುವುದರಿಂದ, ಸರದಿ ಗೊತ್ತಿಲ್ಲದವನಿಗೆ ಅಂಗಡಿಯವನು ಗೀಚಿದ ಚೀಟಿಯನ್ನು ಓದುವುದೂ ಕಷ್ಟ. ನಿಘಂಟುಗಳು ಅಕ್ಷರಗಳನ್ನು ಗೆರೆಗಳ ಸಂಖ್ಯೆಯ ಮೇಲೆ, ಎಷ್ಟೋ ಕಡೆ ಮೊದಲ ಗೆರೆಯ ಬಗೆಯ ಮೇಲೂ ಜೋಡಿಸುತ್ತವೆ. ಐದು ಬಗೆಯ ಗೆರೆಗಳನ್ನು ಸರದಿಯಂತೆ ಒತ್ತಿ ಮೊಬೈಲಿನಲ್ಲಿ ಅಕ್ಷರ ಮೂಡಿಸುವ ಪದ್ಧತಿಯೂ ಇದೆ. ಸಾವಿರಾರು ಅಕ್ಷರಗಳನ್ನು ಕಣ್ಣು ಒಂದರೊಡನೊಂದು ಬೆರೆಸಿಬಿಡುತ್ತದೆ, ಕೈ ಅಷ್ಟು ಸುಲಭವಾಗಿ ಬೆರೆಸುವುದಿಲ್ಲ.

ಹಾಗೆಂದು 'ಸರಿಯಾದ' ಸರದಿ ಎಲ್ಲೆಡೆ ಒಂದೇ ಅಲ್ಲ. ನಾಲ್ಕು ಪಾಲು ಮಾಡಿದ ಚೌಕದಂತಿರುವ 'ಗದ್ದೆ' ಎಂಬ ಅಕ್ಷರದ ಒಳಗೆ ಚೀನಾದಲ್ಲಿ ಅಡ್ಡಗೆರೆ ಮೊದಲು, ಚೀನೀ ಅಕ್ಷರಗಳನ್ನೇ ತನ್ನ ಬರಹದಲ್ಲೂ ಬಳಸುವ ಜಪಾನಿನಲ್ಲಿ ನಿಲುಗೆರೆ ಮೊದಲು. 'ಎಡ', 'ಬಲ' ಎರಡನ್ನೂ ಚೀನೀಯರು ಅಡ್ಡಗೆರೆಯಿಂದಲೇ ಆರಂಭಿಸಿದರೆ ಜಪಾನೀಯರು 'ಬಲ'ವನ್ನು ಮಾತ್ರ ಓರೆಗೆರೆಯಿಂದ ತೊಡಗುತ್ತಾರೆ. ಜಪಾನಿನ ಶಿಕ್ಷಣ ಸಚಿವಾಲಯ 1958ರಲ್ಲಿ ಪ್ರಕಟಿಸಿದ ಕೈಪಿಡಿ, ತಾನು ಕೊಟ್ಟದ್ದರ ಹೊರತು ಬೇರೆ ಸರದಿಗಳನ್ನು ತಪ್ಪೆನ್ನುವ ಉದ್ದೇಶ ತನಗಿಲ್ಲವೆಂದೇ ಹೇಳಿತು. ಚೀನಾ ತನ್ನ ಕ್ರಮವನ್ನು 1997ರಲ್ಲಿ ಗೊತ್ತುಪಡಿಸಿ, 2020ರಲ್ಲಿ 8105 ಅಕ್ಷರಗಳಿಗೆ ವಿಸ್ತರಿಸಿತು. ಆದ್ದರಿಂದ ಇಂಥದೇ ಸರದಿಯಲ್ಲಿ ಸತ್ಯವಿದೆಯೆಂದು ನಾನು ನಂಬುವುದಿಲ್ಲ. ಒಂದು ಊರಿನವರೆಲ್ಲ ಒಂದೇ ಸರದಿಯನ್ನು ಹಿಡಿಯುವುದರಲ್ಲಿ ಮಾತ್ರ ದೊಡ್ಡ ಪ್ರಯೋಜನವಿದೆ.

ಕನ್ನಡದಲ್ಲಿ ಈ ಜ್ಞಾನ ಕೈಯಿಂದ ಕೈಗೆ ದಾಟಿ ಬಂದಿದೆ. ಮೇಷ್ಟ್ರು ದೊಡ್ಡದಾಗಿ ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ತಿದ್ದುತ್ತದೆ. ಕೆಲವರು ತಲೆಕಟ್ಟಿನಿಂದ ಹೊರಡುತ್ತಾರೆ, ಕೆಲವರು ಮೈಯನ್ನೆಲ್ಲ ಬರೆದು ಕೊನೆಗೆ ತಲೆಕಟ್ಟು ಕೊಡುತ್ತಾರೆ; ಊರಿನಲ್ಲಿ ದಿನವೂ ಬರೆಯುವ ಮಗುವಿಗೆ ಇದರಿಂದ ನಷ್ಟವೇನೂ ಇಲ್ಲ. ಹೊರನಾಡಿನ ಸ್ಥಿತಿ ಬೇರೆ. ಸಿಂಗಪುರದ ಶಾಲೆಗಳಲ್ಲಿ ಭಾರತೀಯ ಮಕ್ಕಳಿಗೆ ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕಲಿಯುವ ಅವಕಾಶವಿದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ವಾರಕ್ಕೊಮ್ಮೆ ಕನ್ನಡ ಹಿಡಿಯುವ ಮಗು ಅಚ್ಚಿನ ಅಕ್ಷರವನ್ನು ನೋಡಿ ಚಿತ್ರದಂತೆ ಬಿಡಿಸುತ್ತದೆ, ಒಮ್ಮೆ ಕೆಳಗಿನಿಂದ, ಮತ್ತೊಮ್ಮೆ ನಡುವಿನಿಂದ. 'ಕರ್ನಾಟಕ' ಬರೆಯುವಾಗ ಗೊಂದಲ ಇನ್ನೂ ಹೆಚ್ಚು: ರಕಾರ ಬಾಯಲ್ಲಿ ಮೊದಲು ಬರುತ್ತದೆ, ಕೀಲಿಮಣೆಯಲ್ಲೂ ಮೊದಲೇ ಒತ್ತಬೇಕು, ಆದರೆ ಕಾಗದದ ಮೇಲೆ 'ನಾ' ಬರೆದಾದ ಮೇಲಷ್ಟೇ ಅರ್ಕಾವೊತ್ತು ಬೀಳುತ್ತದೆ. ಬೆರಳಿಗೆ ಒಂದು ಸರದಿ, ಲೇಖನಿಗೆ ಇನ್ನೊಂದು.

ಹೊರನಾಡಿನ ಕನ್ನಡ ತರಗತಿಗಳು ಪ್ರತಿ ಅಕ್ಷರದ ಆರಂಭಬಿಂದು, ತಿರುವಿನ ದಿಕ್ಕು, ತಲೆಕಟ್ಟು ಮತ್ತು ಒತ್ತಕ್ಷರಗಳ ಸರದಿಯನ್ನು ಒಮ್ಮತದಿಂದ ಗೊತ್ತುಮಾಡಿ ಬಾಣದ ಗುರುತುಗಳೊಡನೆ ಅಚ್ಚು ಹಾಕಬೇಕೆಂಬುದು ನನ್ನ ಅಭಿಪ್ರಾಯ. 'ಬೆಂಕಿ ಎಂಬ ಅಕ್ಷರದ ಮೂರನೆಯ ಗೆರೆ ಯಾವುದು' ಎಂದು ಕೇಳಿ ಅಂಕ ಕಳೆಯುವ ಚೀನೀ ಅಭ್ಯಾಸ ಪುಸ್ತಕಗಳ ರೂಢಿಯನ್ನು ಮಾತ್ರ ನಾವು ತರಬೇಕಾಗಿಲ್ಲ. ಅಲ್ಲಿ ನಿಘಂಟು ಹುಡುಕುವುದಕ್ಕಾದರೂ ಆ ಲೆಕ್ಕ ಬೇಕು, ನಮ್ಮ ನಿಘಂಟಿಗೆ ವರ್ಣಮಾಲೆಯ ಕ್ರಮ ಸಾಕು.